ಕಟ್ಟದೇ ಉಳಿದ ನಾಲ್ಕು ಯುದ್ಧನೌಕೆಗಳು

ಕುಣಿಗಲ್ಲಿನ ದೊಡ್ಡಕೆರೆಯನ್ನೇ ಸಮುದ್ರವೆಂದು ತಿಳಿದು ಬೆಳೆದ ನನ್ನ ವಿದ್ಯಾರ್ಥಿಗಳಿಗೆ 856 ಅಡಿ ಉದ್ದದ ಹಡಗನ್ನು ಊಹಿಸಿಕೊಳ್ಳುವುದು ಕಷ್ಟವೇ ಸರಿ. ಅಂಥ ನಾಲ್ಕು ಹಡಗುಗಳನ್ನು ಕಟ್ಟಲು ಬ್ರಿಟನ್ 1921ರ ಅಕ್ಟೋಬರಿನಲ್ಲಿ ಆದೇಶವಿತ್ತಿತು. ‘ಜಿ-3’ ಎಂಬುದು ಆ ವಿನ್ಯಾಸದ ಸಂಕೇತ. ತೂಕ ಸುಮಾರು 48,000 ಟನ್. ವೇಗ ಗಂಟೆಗೆ 32 ನಾಟಿಕಲ್ ಮೈಲಿ. 16 ಅಂಗುಲ ಬಾಯಿಯ ಒಂಬತ್ತು ಫಿರಂಗಿಗಳು. ಫಿರಂಗಿಗಳೆಲ್ಲವನ್ನೂ ಎಂಜಿನ್ನುಗಳ ಮುಂದೆಯೇ ಒತ್ತಾಗಿ ಕೂರಿಸಿ, ಕವಚದ ಉಕ್ಕಿನ ಭಾರವನ್ನು ಉಳಿಸಿದ್ದು ವಿನ್ಯಾಸಕಾರರ ಜಾಣ್ಮೆ.

ನವೆಂಬರ್ 12ರಂದು ವಾಷಿಂಗ್ಟನ್ನಿನಲ್ಲಿ ನೌಕಾಬಲ ಮಿತಿಯ ಸಮ್ಮೇಳನ ಆರಂಭವಾಯಿತು. ವಾರದೊಳಗೆ ಕೆಲಸ ನಿಂತಿತು. 1922ರ ಫೆಬ್ರವರಿ 6ರ ಒಪ್ಪಂದವು ಯುದ್ಧನೌಕೆಯೊಂದಕ್ಕೆ 35,000 ಟನ್ನಿನ ಮಿತಿ ವಿಧಿಸಿತು. ಅಧಿಕೃತ ಹೆಸರನ್ನೂ ಪಡೆಯದ ಆ ನಾಲ್ಕು ಹಡಗುಗಳು ಕಾಗದದಲ್ಲೇ ಉಳಿದವು. ಅದೇ ವಿನ್ಯಾಸವನ್ನು ಕುಗ್ಗಿಸಿ ಕಟ್ಟಿದ ‘ನೆಲ್ಸನ್’, ‘ರಾಡ್ನಿ’ ಹಡಗುಗಳು 1927ರಲ್ಲಿ ಸಿದ್ಧವಾದವು.

ಆ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು. 1907ರಲ್ಲಿ ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರುವ ಮುನ್ನ ಅವರು ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಅವರನ್ನು ಕಳುಹಿಸಿದ್ದು ನಮ್ಮ ಜನರಲ್ಲ, ಆಳುವ ಸರ್ಕಾರ. ಪರಾಧೀನ ದೇಶದ ಸಹಿಗೆ ಏನು ಬೆಲೆ ಎಂಬ ಪ್ರಶ್ನೆ ನ್ಯಾಯವಾದುದೇ. ಒಪ್ಪಂದವೂ ಚಿರಾಯುವಾಗಲಿಲ್ಲ, ಜಪಾನ್ 1934ರಲ್ಲಿ ಹಿಂದೆಗೆಯಿತು, 1936ರ ಕೊನೆಗೆ ಅದು ಮುಗಿಯಿತು.

ಆದರೂ ಮಕ್ಕಳೇ, ಪಠ್ಯಪುಸ್ತಕಗಳು ನಡೆದ ಯುದ್ಧಗಳನ್ನು ಎಣಿಸುತ್ತವೆ, ಬಿಟ್ಟುಕೊಟ್ಟ ಹಡಗುಗಳನ್ನು ಎಣಿಸುವುದಿಲ್ಲ. ಅವೂ ಇತಿಹಾಸವೇ. ಆ ಬಿಟ್ಟುಕೊಡುವಿಕೆಯ ಕಾಗದದ ಮೇಲೆ ಒಬ್ಬ ಶಾಲಾಮಾಸ್ತರರ ಸಹಿಯೂ ಇದೆ.