ಡಯಲ್ ಟೋನ್ ಇಲ್ಲ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕ ದಿನವನ್ನು ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್ ಸೇವೆ ಶುರು ಮಾಡಿತು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಸೇವಾ ವಿಭಾಗ ಬಿಎಸ್‌ಎನ್‌ಎಲ್ ಆಯಿತು. 2005ರ ಜನವರಿಯಲ್ಲಿ ಅದರ ಬ್ರಾಡ್‌ಬ್ಯಾಂಡ್ ಬಂತು. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಂಥ ಊರುಗಳ ಇಂಟರ್ನೆಟ್ ಚರಿತ್ರೆಯನ್ನು ಬರೆಯಲು ಹೊರಟರೆ ಇದು ಅರ್ಧ ದಾರಿಗೂ ಸಾಲುವುದಿಲ್ಲ. ಇಲ್ಲಿ ಇಂಟರ್ನೆಟ್ ಒಂದು ದಿನ ಬಂದು ತಳವೂರಿದ ಸಂಗತಿಯಲ್ಲ. ಅದು ದಿನಕ್ಕೆ ಹತ್ತು ಸಲ ಬಂದು ಹತ್ತು ಸಲ ಹೋಗುತ್ತಿತ್ತು. ಹೋದಾಗಲೆಲ್ಲ ಯಾರೋ ಒಬ್ಬರು ಕುರ್ಚಿಯಿಂದ ಎದ್ದು, ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು.

ಸಣ್ಣ ಊರುಗಳ ದೂರವಾಣಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಹುಡುಕಾಟವೇ ಮುಖ್ಯ ಎನ್ನಿಸತೊಡಗಿದೆ. ಡಯಲ್-ಅಪ್ ಕಾಲದ ಬಳಕೆದಾರರಿಗೆ ಸಂಪರ್ಕ ತುಂಡಾದಾಗ ಮೂರು ಪ್ರಶ್ನೆಗಳು ಏಳುತ್ತಿದ್ದವು. ತಪ್ಪು ಎಲ್ಲಿ? ಅದನ್ನು ಸರಿಪಡಿಸುವವರು ಯಾರು? ಅಷ್ಟರಲ್ಲಿ ಓಡಿದ ಮೀಟರಿನ ದುಡ್ಡು ಯಾರದ್ದು? ಮೊದಲೆರಡಕ್ಕೆ ಉತ್ತರ ಬದಲಾಗುತ್ತಿತ್ತು. ಮೂರನೆಯದಕ್ಕೆ ಬಹುಮಟ್ಟಿಗೆ ಒಂದೇ ಉತ್ತರವಿತ್ತು.

ಮೊದಲು ತಂತಿಯ ಮಾತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ಮೇಲಿವೆ. ಹೆದ್ದಾರಿಯಲ್ಲಿ ಬಂದರೆ ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಗೆ ತಿರುಗಬೇಕು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆಯಾಯಿತು. ಫೋನಿನ ಭೂಗೋಳ ಮಾತ್ರ ಬೇರೆಯೇ ಇತ್ತು. ಹಾವೇರಿಗೂ ಬ್ಯಾಡಗಿಗೂ ಎಸ್‌ಟಿಡಿ ಸಂಕೇತ ಒಂದೇ, 08375. ರಾಣೆಬೆನ್ನೂರಿಗೆ 08373. ಜಿಲ್ಲೆ ಒಂದಾದರೂ ಫೋನಿನ ಪುಸ್ತಕದಲ್ಲಿ ರಾಣೆಬೆನ್ನೂರು ಪರಊರು. ಕರೆಯ ದರ ದೂರದ ಮೇಲೆ ನಿಂತಿದ್ದ ಕಾಲದಲ್ಲಿ ಈ ಗಡಿಗೆ ಬೆಲೆಯಿತ್ತು. ಹತ್ತಿರದಲ್ಲಿ ಇಂಟರ್ನೆಟ್ ನೋಡ್ ಇಲ್ಲದ ಊರಿನವರು ದೂರದ ನಗರಕ್ಕೆ ಎಸ್‌ಟಿಡಿ ಕರೆ ಮಾಡಿಯೇ ಇಂಟರ್ನೆಟ್ ಮುಟ್ಟಬೇಕಿತ್ತು. ಅಂಚೆಯಲ್ಲಿ ಒಂದೆರಡು ರೂಪಾಯಿಗೆ ಹೋಗುವ ಪತ್ರಕ್ಕೆ ಇ-ಮೇಲಿನಲ್ಲಿ ನಿಮಿಷಕ್ಕಿಷ್ಟು ಎಂದು ತೆರಬೇಕಾದ ಕಾಲ ಅದು.

ತಂತಿಯ ಆ ತುದಿಯಲ್ಲಿ ಇದ್ದದ್ದು ಎಕ್ಸ್‌ಚೇಂಜ್. ಇಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ಸಂಗತಿಯಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಪೋರ್ಟಿನ ಡಿಜಿಟಲ್ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಧಾರವಾಡದ ಆಚೆಗಿನ ಕಿತ್ತೂರಿನಲ್ಲಿ. ಏರ್‌ಕಂಡೀಷನ್ ಬೇಡದ, ನಮ್ಮ ಧೂಳು ಮತ್ತು ಬಿಸಿಲನ್ನು ತಡೆದುಕೊಳ್ಳುವ ಯಂತ್ರ ಅದು. ಮಾತಾಡುವುದಕ್ಕಾಗಿ ಮಾಡಿದ ಈ ಏರ್ಪಾಟೇ ಹತ್ತು-ಹನ್ನೆರಡು ವರ್ಷಗಳ ನಂತರ ಮೋಡೆಮ್ಮಿಗೂ ದಾರಿಯಾಯಿತು. 56 ಕೆ ಮೋಡೆಮ್ ತನ್ನ ಪೂರ್ತಿ ವೇಗಕ್ಕೆ ಹತ್ತಿರವಾಗಬೇಕಾದರೆ ಇಂಟರ್ನೆಟ್ ಕಂಪನಿಯಿಂದ ಗಿರಾಕಿಯ ಎಕ್ಸ್‌ಚೇಂಜಿನವರೆಗೆ ದಾರಿಯೆಲ್ಲ ಡಿಜಿಟಲ್ ಆಗಿರಬೇಕು. ಅಲ್ಲಿಂದ ಮನೆಯವರೆಗಿನ ತಾಮ್ರದ ಜೋಡಿ ತಂತಿ ಮಾತ್ರ ಹಳೆಯದಿದ್ದರೆ ನಡೆಯುತ್ತದೆ. ತೊಂದರೆಯೆಲ್ಲ ಇದ್ದದ್ದು ಆ ಕೊನೆಯ ತುಂಡಿನಲ್ಲೇ.

ಆ ತಂತಿ ಮನುಷ್ಯನ ದನಿಗಾಗಿ ಮಾಡಿದ್ದು. ಫೋನಿನ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ದಾಟುತ್ತದೆ. ಕಂಪ್ಯೂಟರಿನ ಮಾಹಿತಿಯನ್ನು ಈ ಕಿರಿದಾದ ಓಣಿಯಲ್ಲಿ ಹಿಡಿಸುವ ಸದ್ದಾಗಿ ಬದಲಿಸುವುದು ಮೋಡೆಮ್ಮಿನ ಕೆಲಸ. ಕರೆ ತಾಗಿದ ಕೂಡಲೇ ಕೇಳುತ್ತಿದ್ದ ಆ ಕಿರುಚು ಮತ್ತು ಗೊರಗೊರ ಸದ್ದು ಎರಡು ಮೋಡೆಮ್‌ಗಳು ತಂತಿಯ ಗುಣವನ್ನು ಅಳೆದು, ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಚೌಕಾಸಿ ಮಾಡುವ ಸದ್ದು. 33.6 ಕೆ ವೇಗ ಸಿಕ್ಕರೆ ಒಂದು ಫ್ಲಾಪಿಯಷ್ಟು ಮಾಹಿತಿ ಇಳಿಯಲು ಸುಮಾರು 6 ನಿಮಿಷ. ತಂತಿ ಕೆಟ್ಟು ವೇಗ 9.6 ಕೆ.ಗೆ ಬಿದ್ದರೆ 20 ನಿಮಿಷ. ನಡುವೆ ತುಂಡಾದರೆ ಬಹಳ ಸಲ ಮತ್ತೆ ಮೊದಲಿನಿಂದ.

ತಪ್ಪು ಹುಡುಕುವ ಕೆಲಸ ಮನೆಯೊಳಗಿಂದ ಶುರುವಾಗುತ್ತಿತ್ತು. ವಿಂಡೋಸ್ 98 ಪ್ರತಿ ತೊಂದರೆಗೂ ಒಂದು ಸಂಖ್ಯೆ ಕೊಡುತ್ತಿತ್ತು. ಅದರ ಜೊತೆಗಿನ ಇಂಗ್ಲಿಷ್ ವಾಕ್ಯ ಹಲವರ ತಲೆಗೆ ಹತ್ತದಿದ್ದರೂ ಸಂಖ್ಯೆ ಬಾಯಿಗೆ ಬರುತ್ತಿತ್ತು. 633 ಎಂದರೆ ಮೋಡೆಮ್ಮೇ ಸಿಗುತ್ತಿಲ್ಲ, ಇಲ್ಲವೇ ಬೇರೆ ಪ್ರೋಗ್ರಾಮ್ ಅದನ್ನು ಹಿಡಿದುಕೊಂಡಿದೆ. 680 ಎಂದರೆ ಡಯಲ್ ಟೋನ್ ಇಲ್ಲ. 676 ಎಂದರೆ ಆಚೆಯ ಲೈನ್ ಬ್ಯುಸಿ. 678 ಎಂದರೆ ಆ ಕಡೆ ಉತ್ತರವಿಲ್ಲ. 691 ಎಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. 629 ಎಂದರೆ ಆಚೆಯ ಯಂತ್ರ ಸಂಪರ್ಕ ಕಡಿದಿದೆ. ವೈದ್ಯರಿಗೆ ಜ್ವರ, ಕೆಮ್ಮು ಎಂದು ಹೇಳುವಂತೆ ಜನ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ ‘ಆರುನೂರಾ ಎಂಬತ್ತು ಬರಾಕತ್ತೇತ್ರಿ’ ಎನ್ನುತ್ತಿದ್ದರು. ಫೋನ್ ಮಾಡಲು ಮೊದಲು ಇಂಟರ್ನೆಟ್ ಬಿಡಬೇಕಿತ್ತು ಎನ್ನುವುದು ಬೇರೆ ಮಾತು.

ಇವುಗಳಲ್ಲಿ 680ರ ಕತೆ ಸ್ವಾರಸ್ಯದ್ದು. ರಿಸೀವರ್ ಎತ್ತಿ ಕಿವಿಗಿಟ್ಟರೆ ಟೋನ್ ಸ್ಪಷ್ಟವಾಗಿ ಕೇಳುತ್ತದೆ, ಕಂಪ್ಯೂಟರ್ ಮಾತ್ರ ಇಲ್ಲ ಎನ್ನುತ್ತದೆ. ತಪ್ಪು ತಂತಿಯದಲ್ಲ, ಮೋಡೆಮ್ಮಿನ ಕಿವಿಯದು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸ್ವರಗಳು ಕೂಡಿದ್ದು. ನಮ್ಮದು 25 ಹರ್ಟ್ಸ್‌ನಲ್ಲಿ ಅಲುಗುವ 400 ಹರ್ಟ್ಸ್‌ನ ಸದ್ದು. ಹೊರದೇಶದ ಟೋನಿಗೆ ಹೊಂದಿಸಿದ್ದ ಮೋಡೆಮ್‌ಗಳಲ್ಲಿ ಕೆಲವು ನಮ್ಮ ಟೋನನ್ನು ಟೋನೆಂದೇ ಗುರುತಿಸುತ್ತಿರಲಿಲ್ಲ. ಇದಕ್ಕೆ ಮದ್ದು ಎರಡು. ಸೆಟ್ಟಿಂಗಿನಲ್ಲಿ ‘ಡಯಲ್ ಟೋನಿಗೆ ಕಾಯಬೇಕು’ ಎಂಬ ಕಡೆ ಇರುವ ಗುರುತನ್ನು ತೆಗೆಯುವುದು, ಇಲ್ಲವೇ ಮೋಡೆಮ್ಮಿಗೆ ‘ಎಕ್ಸ್ 3’ ಎಂಬ ಆದೇಶ ಬರೆಯುವುದು. ಟೋನಿಗೆ ಕಾಯದೆ ಕುರುಡಾಗಿ ಡಯಲ್ ಮಾಡು ಎಂದು ಅದರ ಅರ್ಥ. ಹೇಸ್ ಕಂಪನಿ 1981ರಲ್ಲಿ ತನ್ನ ಮೋಡೆಮ್ಮಿಗಾಗಿ ಶುರು ಮಾಡಿದ ಆದೇಶಗಳ ಭಾಷೆಯಿಂದ ಬೆಳೆದುಬಂದ ಒಂದು ಮಾತು ಹೀಗೆ ನಮ್ಮ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ಹುಡುಗರ ಬಾಯಲ್ಲಿ ಮಂತ್ರವಾಯಿತು. ಆ ಹುಡುಗರು ಎಂಜಿನಿಯರುಗಳಾಗಿರಬೇಕೆಂದೇನೂ ಇರಲಿಲ್ಲ. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಗೆ ಒಯ್ಯುವುದೇ ಅವರ ವಿದ್ಯೆ.

ಟೋನಿನ ತೊಂದರೆ ಕಳೆದ ಮೇಲೆ ಎರಡನೆಯ ಸುತ್ತು. ಒಳಮನೆಯಲ್ಲಿ ಜೋಡಿಸಿದ ಇನ್ನೊಂದು ಫೋನನ್ನು ಯಾರಾದರೂ ಎತ್ತಿದರೆ ಸಂಪರ್ಕ ಹೋಯಿತು. ಕಾಲ್ ವೇಟಿಂಗ್ ಹಾಕಿಸಿಕೊಂಡಿದ್ದರೆ ಹೊರಗಿನ ಕರೆಯ ‘ಬೀಪ್’ ಸಾಕು ತುಂಡಾಗಲು. ಗೋಡೆಯ ರೋಸೆಟ್ ಡಬ್ಬಿಯಲ್ಲಿ ಸಡಿಲವಾದ ಸ್ಕ್ರೂ, ಇಲಿ ಕಡಿದ ವೈರು, ತುಕ್ಕು ಹಿಡಿದ ತುದಿ ಎಲ್ಲವನ್ನೂ ನೋಡಬೇಕು. ಇವೆಲ್ಲ ಸರಿಯಿದ್ದೂ ಐದು ನಿಮಿಷಕ್ಕೊಮ್ಮೆ ಹೋಗುತ್ತಿದ್ದರೆ ಬಲ್ಲವರು ಮಾಡುತ್ತಿದ್ದ ಉಪಾಯ ಮೇಲುನೋಟಕ್ಕೆ ವಿಚಿತ್ರ. ಮೋಡೆಮ್ಮಿನ ವೇಗವನ್ನು ಅವರು ತಾವೇ ಕಡಿಮೆ ಮಾಡುತ್ತಿದ್ದರು. ಗದ್ದಲದ ತಂತಿಯಲ್ಲಿ ಹೆಚ್ಚಿನ ವೇಗಕ್ಕೆ ಕೈಚಾಚಿದ ಮೋಡೆಮ್ ಪದೇಪದೇ ಎಡವುತ್ತದೆ. ನಿಧಾನಕ್ಕೆ ಒಪ್ಪಿದ್ದು ನಿಲ್ಲುತ್ತದೆ. ಹಣ ಕೊಟ್ಟು 56 ಕೆ ಮೋಡೆಮ್ ತಂದವರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ.

ಮನೆಯ ಹೊರಗೆ ದಾಟಿದರೆ ಅಧಿಕಾರ ಬದಲಾಗುತ್ತದೆ. ಕಂಬದಿಂದ ಮನೆಗೆ ಬರುವ ವೈರು, ಕಂಬದ ಮೇಲಿನ ಡಿಪಿ ಡಬ್ಬಿ, ರಸ್ತೆ ಬದಿಯ ಪಿಲ್ಲರ್, ನೆಲದೊಳಗಿನ ಕೇಬಲ್, ಅದರ ಜಾಯಿಂಟುಗಳು, ಕೊನೆಗೆ ಎಕ್ಸ್‌ಚೇಂಜಿನೊಳಗಿನ ಚೌಕಟ್ಟು. ಇದೆಲ್ಲ ಲೈನ್‌ಮನ್ನರ ರಾಜ್ಯ. ಮುಂಗಾರಿನಲ್ಲಿ ಜಾಯಿಂಟಿಗೆ ನೀರಿಳಿದರೆ ತಂತಿಯಲ್ಲಿ ಎಣ್ಣೆಯಲ್ಲಿ ಹಪ್ಪಳ ಕರಿದಂಥ ಸದ್ದು. ಮುಂಗಾರಿಗೂ ಮೊದಲು, ಏಪ್ರಿಲ್–ಮೇ ತಿಂಗಳ ಗುಡುಗು-ಸಿಡಿಲಿನ ಮಳೆ ಇನ್ನೂ ಅಪಾಯಕಾರಿ. ಫೋನಿನ ತಂತಿಯಲ್ಲಿ ಬಂದ ಸಿಡಿಲಿನ ಹೊಡೆತಕ್ಕೆ ಮೋಡೆಮ್ ಸುಡುತ್ತಿತ್ತು, ಕೆಲವೊಮ್ಮೆ ಜೊತೆಗೆ ಮದರ್‌ಬೋರ್ಡೂ. ಮೋಡ ಕಟ್ಟಿದಾಗ ಅಂಗಳದ ಬಟ್ಟೆ ಒಳಗೆ ತರುವುದರ ಜೊತೆಗೆ ಮೋಡೆಮ್ಮಿನ ವೈರು ಕೀಳುವುದೂ ಮನೆಗೆಲಸವಾಯಿತು.

198ಕ್ಕೆ ಫೋನ್ ಮಾಡಿ ದೂರು ಬರೆಸಿದರೆ ಲೈನ್‌ಮನ್ ಬರುತ್ತಿದ್ದರು. ಅವರ ಪರೀಕ್ಷೆ ಮಾತಿನ ಪರೀಕ್ಷೆ. ಫೋನ್ ಜೋಡಿಸಿ, ಎಕ್ಸ್‌ಚೇಂಜಿನವರೊಡನೆ ಮಾತಾಡಿ, ಕೇಳಿಸಿದರೆ ‘ಲೈನ್ ಓಕೆ ಐತ್ರಿ’. ಅವರು ಹೇಳಿದ್ದು ಸುಳ್ಳಲ್ಲ. ಮನುಷ್ಯನ ಕಿವಿ ಸಣ್ಣ ಗದ್ದಲವನ್ನು ಬದಿಗೆ ಸರಿಸಿ ಮಾತನ್ನು ಹೆಕ್ಕಿಕೊಳ್ಳುತ್ತದೆ, ಮೋಡೆಮ್ಮಿಗೆ ಅದು ಸಾಧ್ಯವಿಲ್ಲ. ಹೀಗೆ ಲೈನ್‌ಮನ್ ಪ್ರಕಾರ ತಪ್ಪು ಕಂಪ್ಯೂಟರಿನದು, ಕಂಪ್ಯೂಟರ್ ಅಂಗಡಿಯವರ ಪ್ರಕಾರ ಲೈನಿನದು, ಇಂಟರ್ನೆಟ್ ಕೊಡುವವರ ಪ್ರಕಾರ ಇವೆರಡರಲ್ಲಿ ಒಂದರದು. ಮೂವರೂ ತಮ್ಮ ತಮ್ಮ ಗಡಿಯೊಳಗೆ ಪ್ರಾಮಾಣಿಕರು. ಗಡಿಗಳ ನಡುವಿನ ಜಾಗದಲ್ಲಿ ಗಿರಾಕಿ ಒಬ್ಬರೇ. ಇಡೀ ದಾರಿಯ ತಿಳಿವಳಿಕೆ ಇದ್ದವರು ಯಾರಾದರೂ ಇದ್ದರೆ ಅದು ಮೂರೂ ಕಡೆ ಅಲೆದು ಬಂದ ಆ ಗಿರಾಕಿಯೇ.

ಈಗ ದುಡ್ಡಿನ ಲೆಕ್ಕ. ಎಕ್ಸ್‌ಚೇಂಜಿನ ಮೀಟರ್ ಓಡುವುದು ಆಚೆಯವರು ಕರೆ ಎತ್ತಿದ ಮೇಲೆ. ಆದ್ದರಿಂದ 680, 676, 678ಕ್ಕೆ ಖರ್ಚಿಲ್ಲ, ಸಮಯ ಮಾತ್ರ ಹೋಗುತ್ತದೆ. ಆದರೆ 691 ಬರಬೇಕಾದರೆ ಆಚೆಯ ಮೋಡೆಮ್ ಕರೆ ಎತ್ತಿರಲೇಬೇಕು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್‌ಗೆ 172233 ಡಯಲ್ ಮಾಡಿ, ಕಿರುಚಾಟವೆಲ್ಲ ಮುಗಿದು, ಪಾಸ್‌ವರ್ಡ್ ಒಪ್ಪಿಗೆಯಾಗದೆ ಹೊರಬಿದ್ದರೂ ಅದು ಪೂರ್ಣಗೊಂಡ ಕರೆ. ಸ್ಥಳೀಯ ಕರೆಗಳನ್ನು ಆಗ ಸಾಮಾನ್ಯವಾಗಿ 3 ನಿಮಿಷದ ಪಲ್ಸಿನಲ್ಲಿ ಎಣಿಸುತ್ತಿದ್ದರು. ಅರ್ಧ ನಿಮಿಷಕ್ಕೆ ತುಂಡಾದರೂ ಪಲ್ಸ್ ಪೂರ್ತಿಯೇ. ಹತ್ತು ಸಲ ತುಂಡಾಗಿ ಹತ್ತು ಸಲ ಸೇರಿಕೊಂಡವರು ಒಮ್ಮೆ ಸೇರಿ ಅಷ್ಟೇ ಹೊತ್ತು ಕುಳಿತವರಿಗಿಂತ ಹೆಚ್ಚು ತೆರುತ್ತಿದ್ದರು. ಒಳ್ಳೆಯ ತಂತಿಯಿದ್ದ ನಗರದ ಬಡಾವಣೆಗೂ ಕೆಟ್ಟ ತಂತಿಯ ಊರಂಚಿನ ಓಣಿಗೂ ದರಪಟ್ಟಿ ಒಂದೇ, ಬಿಲ್ಲು ಒಂದೇ ಅಲ್ಲ. ಕೆಟ್ಟ ಸೇವೆ ಪಡೆದವರೇ ಹೆಚ್ಚು ಹಣ ಕೊಡುವ ಈ ಏರ್ಪಾಟನ್ನು ಯಾರೂ ಕೂತು ಯೋಜಿಸಲಿಲ್ಲ. ಮಾತಿಗಾಗಿ ಮಾಡಿದ ಎಣಿಕೆಯ ಪದ್ಧತಿಯನ್ನು ಇಂಟರ್ನೆಟ್ಟಿಗೆ ಹೊಂದಿಸಿದಾಗ ಅದು ತಾನಾಗಿ ಹುಟ್ಟಿತು.

ಬಿಲ್ಲಿನಲ್ಲಿ ಬರೆಯದ ಖರ್ಚೂ ಒಂದಿತ್ತು. ಒಂದೇ ಲೈನ್ ಇರುವ ಮನೆಯಲ್ಲಿ ಇಂಟರ್ನೆಟ್ ಇದ್ದಷ್ಟು ಹೊತ್ತು ಫೋನ್ ಬಂದ್. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯೆಂದರೆ ಫೋನಿನ ಸುಗ್ಗಿ. ಆವಕ ಎಷ್ಟು, ಕಡ್ಡಿ ಎಷ್ಟಕ್ಕೆ ಹೋಯಿತು, ಡಬ್ಬಿ ಎಷ್ಟಕ್ಕೆ ಎಂಬ ವರ್ತಮಾನದ ಮೇಲೆ ದಲಾಲಿ ಅಂಗಡಿ ನಡೆಯುತ್ತದೆ. ಬೀಜದ ಕಂಪನಿಗಳ ಊರಾದ ರಾಣೆಬೆನ್ನೂರಿನಲ್ಲೂ ವ್ಯವಹಾರ ಫೋನನ್ನೇ ನಂಬಿತ್ತು. ಇಂಥ ಊರುಗಳಲ್ಲಿ ಮಕ್ಕಳು ಇಂಟರ್ನೆಟ್ ಹಾಕುವುದು ರಾತ್ರಿ ಊಟದ ಮೇಲೆ, ಇಲ್ಲವೇ ಪರೀಕ್ಷೆಯ ಫಲಿತಾಂಶದ ದಿನ. ಫಲಿತಾಂಶದ ದಿನ ಎಲ್ಲರೂ ಒಟ್ಟಿಗೆ ಡಯಲ್ ಮಾಡುವುದರಿಂದ 676. ನೋಡ್ ಒಂದರಲ್ಲಿ ಎಷ್ಟು ಮೋಡೆಮ್‌ಗಳಿವೆಯೋ ಅಷ್ಟೇ ಜನರಿಗೆ ಜಾಗ.

ಸೇರಿಕೊಂಡ ಮೇಲೂ ಕನ್ನಡ ಸುಲಭವಾಗಿ ಸಿಗುತ್ತಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಪುಟಗಳಿಗೆ ಪ್ರತ್ಯೇಕ ಫಾಂಟ್ ಬೇಕು. ಅಕ್ಷರಗಳ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಕಂಡಾಗ ತಪ್ಪು ತಂತಿಯದೋ ಫಾಂಟಿನದೋ ಎಂದು ಮತ್ತೊಂದು ಹುಡುಕಾಟ. ಬರಹ, ನುಡಿ ತಂತ್ರಾಂಶಗಳನ್ನು ಹಾಕಿಕೊಂಡ ಮನೆಗಳಲ್ಲಿ ಈ ಜ್ಞಾನವೂ ಕೈಯಿಂದ ಕೈಗೆ ಹೋಯಿತು, ಹೆಚ್ಚಾಗಿ ಫ್ಲಾಪಿ ಮತ್ತು ಸಿಡಿಗಳಲ್ಲಿ.

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆ ವೇಗವನ್ನು ಕನಿಷ್ಠ ಎಂದು ಸಾರಿತು. ಮರುವರ್ಷದಿಂದ ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಹರಿಯಿತು. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಮಾತನ್ನೂ ಮಾಹಿತಿಯನ್ನೂ ಬೇರೆ ಮಾಡಿತು. ಕಿರುಚಾಟ ನಿಂತಿತು, ಫೋನ್ ಬಂದ್ ಆಗುವುದು ತಪ್ಪಿತು. ಜಾಯಿಂಟಿಗೆ ನೀರಿಳಿಯುವುದು ತಪ್ಪಲಿಲ್ಲ. ಆಮೇಲೆ ಮೊಬೈಲ್ ಬಂದು ತಂತಿಯ ಮಾತೇ ಹಿಂದೆ ಸರಿಯಿತು.

ಇಂದು ಬ್ಯಾಡಗಿಯ ಮೆಣಸಿನಕಾಯಿ ಇ-ಟೆಂಡರಿನಲ್ಲಿ ಮಾರಾಟವಾಗುತ್ತದೆ. ಪಹಣಿ, ಪಡಿತರ, ಪಿಂಚಣಿ ಎಲ್ಲಕ್ಕೂ ಸಂಪರ್ಕ ಬೇಕು. ಅದು ಕೈಕೊಟ್ಟಾಗ ಕೇಳುವ ಮಾತು ಒಂದೇ, ‘ಸರ್ವರ್ ಇಲ್ಲ’. ಈ ಮಾತಿಗೆ ಸಂಖ್ಯೆಯಿಲ್ಲ, ಕಂಬವಿಲ್ಲ, ಪಿಲ್ಲರ್ ಇಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಲು ದಾರಿಯೂ ಇಲ್ಲ. ಡಯಲ್-ಅಪ್ ಕಾಲವನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಆದರೆ 680ಕ್ಕೂ 691ಕ್ಕೂ ವ್ಯತ್ಯಾಸ ಬಲ್ಲವರು ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ಎಂಬುದನ್ನೂ ಬಲ್ಲವರಾಗಿದ್ದರು. ನ್ಯಾಯಬೆಲೆ ಅಂಗಡಿಯ ಮುಂದೆ ಕೂಲಿ ಬಿಟ್ಟು ನಿಂತವರಿಗೆ ಇಂದು ಆ ಅನುಕೂಲವೂ ಇಲ್ಲ. ತುಂಡಾದ ಸಂಪರ್ಕದ ಬೆಲೆಯನ್ನು ಮಾತ್ರ ಅಂದಿನಂತೆ ಇಂದೂ ಸಾಲಿನಲ್ಲಿ ನಿಂತವರೇ ತೆರುತ್ತಾರೆ.

ಅಂಕಿಅಂಶಗಳಲ್ಲಿ ಎಷ್ಟು ಸಂಪರ್ಕ ಕೊಟ್ಟರು ಎಂಬುದು ಇರುತ್ತದೆ. ಎಷ್ಟು ಸಲ ತುಂಡಾಯಿತು ಎಂಬುದನ್ನು ಇತಿಹಾಸಕಾರ ಬೇರೆಡೆ ಹುಡುಕಬೇಕು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಹಳೆಯ ಫೋನ್ ಬಿಲ್ಲುಗಳು, ಅವುಗಳ ಹಿಂದಿನ ಮತ್ತು ಇಂದಿನ ಮೀಟರ್ ರೀಡಿಂಗ್, ಕಂಪ್ಯೂಟರ್ ಅಂಗಡಿಗಳ ರಿಪೇರಿ ಚೀಟಿ, ಮೋಡೆಮ್ಮಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟ ಸೆಟ್ಟಿಂಗು. ಈ ಮೂರು ಊರುಗಳ ಅಟ್ಟ, ಕಪಾಟುಗಳಲ್ಲಿ ಇಂಥವು ಇನ್ನೂ ಉಳಿದಿದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ತಿರುವಿ ನೋಡಿ. ಕಂಪ್ಯೂಟರ್ ಬಂದ ತಿಂಗಳಿನ ಬಿಲ್ಲಿನಲ್ಲಿ ಕರೆಗಳ ಸಂಖ್ಯೆ ಒಮ್ಮೆಲೇ ಏರಿರುವುದು ಕಾಣುತ್ತದೆ. ಅದರಲ್ಲಿ ಒಂದು ಪಾಲು ಸೇರಿಕೊಳ್ಳದೇ ಹೋದ ಕರೆಗಳದ್ದು.