ಅಜ್ಜನ ಮಳೆ ಡೈರಿ ಮತ್ತು ಆರ್ಕ್ಟಿಕ್ ಹಡಗು

ನಮ್ಮ ಕೊಡಗಿನ ತೋಟದವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳೋದು ಕಡಿಮೆ. "ನಿನ್ನೆ ಎರಡು ಇಂಚು ನಲವತ್ತು ಸೆಂಟು" ಅಂತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ನಮ್ಮಜ್ಜ ದಿನಾ ಬೆಳಿಗ್ಗೆ ಅಂಗಳದ ಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಡೈರಿಯಲ್ಲಿ ಬರೆದಿಡುತ್ತಿದ್ದರು. ೨೦೧೧ರಲ್ಲಿ ಅವರು ತೀರಿಕೊಂಡ ಮೇಲೆ ಮಾಪಕ ಅಟ್ಟ ಸೇರಿತು. ಮೊನ್ನೆ ಭಾರತದ ಆರ್ಕ್ಟಿಕ್ ಯಾನಗಳ ಬಗ್ಗೆ ಓದುವಾಗ ಆ ಡೈರಿ ನೆನಪಾಯಿತು. ಯಾಕೆ ಅಂತ ಹೇಳ್ತೀನಿ.

ಕಥೆ ಶುರುವಾಗೋದು ಪ್ಯಾರಿಸ್ಸಿನಲ್ಲಿ, ೧೯೨೦ರ ಫೆಬ್ರವರಿ ೯ರಂದು. ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳು ನಾರ್ವೆಗೆ ಸೇರಿದ್ದು, ಆದರೆ ಒಪ್ಪಂದಕ್ಕೆ ಸೇರಿದ ದೇಶಗಳ ಪ್ರಜೆಗಳಿಗೆ ಅಲ್ಲಿ ಮೀನು ಹಿಡಿಯೋಕೆ, ಗಣಿ ತೋಡೋಕೆ ಸಮಾನ ಹಕ್ಕು ಅಂತ ತೀರ್ಮಾನವಾಯಿತು. ಬ್ರಿಟಿಷ್ ಇಂಡಿಯಾವೂ ಅದರಲ್ಲಿತ್ತು. ಕೊಡಗು ೧೮೩೪ರಿಂದ ನೇರ ಬ್ರಿಟಿಷರ ಕೈಲಿತ್ತಲ್ಲ, ಹಾಗಾಗಿ ಲೆಕ್ಕಕ್ಕೆ ನಮ್ಮೂರೂ ಆ ಒಪ್ಪಂದದೊಳಗೆ! ನಮ್ಮ ಮುತ್ತಜ್ಜಂದಿರಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ, ಬಿಡಿ.

ಭಾರತದ ಮೊದಲ ವೈಜ್ಞಾನಿಕ ತಂಡ ಅಲ್ಲಿಗೆ ಹೋದದ್ದು ೨೦೦೭ರ ಆಗಸ್ಟಿನಲ್ಲಿ, ಇಲ್ಲಿ ಕಕ್ಕಡದ ಮಳೆ ಸುರಿಯುವ ಹೊತ್ತಿಗೆ. ತಲುಪಿದ್ದು ೭೯ ಡಿಗ್ರಿ ಉತ್ತರದಲ್ಲಿರುವ ನಿ-ಓಲೆಸುಂಡ್ ಅನ್ನುವ ಪುಟ್ಟ ಊರು. ಹಿಂದೆ ಅದು ಕಲ್ಲಿದ್ದಲು ಗಣಿಯೂರು. ೧೯೬೨ರ ದುರಂತದಲ್ಲಿ ೨೧ ಕಾರ್ಮಿಕರು ಸತ್ತ ಮೇಲೆ ಗಣಿ ಮುಚ್ಚಿತು, ನಿಧಾನಕ್ಕೆ ವಿಜ್ಞಾನಿಗಳ ಊರಾಯಿತು. ೨೦೦೮ರ ಜುಲೈ ೧ರಂದು ನಮ್ಮ 'ಹಿಮಾದ್ರಿ' ಕೇಂದ್ರ ಅಲ್ಲೇ ಶುರುವಾಯಿತು.

ಆದರೆ ದಡದಲ್ಲಿ ಕೂತರೆ ಸಮುದ್ರದ ಒಡಲಿನ ಸಂಗತಿ ತಿಳಿಯೋದಿಲ್ಲ. ನಮ್ಮದೇ ಧ್ರುವ ಸಂಶೋಧನಾ ಹಡಗು ಆಗ ಇರಲಿಲ್ಲ. ೨೦೧೪ರ ಜುಲೈನಲ್ಲಿ ನಮ್ಮವರು ನಾರ್ವೆಯ 'ಲ್ಯಾನ್ಸ್' ಹಡಗಿನಲ್ಲಿ ಹೊರಟು, ಕಾಂಗ್ಸ್‌ಫ್ಯೋರ್ಡೆನ್‌ನಲ್ಲಿ ೧೯೨ ಮೀಟರ್ ಆಳಕ್ಕೆ 'ಇಂಡ್‌ಆರ್ಕ್' ಇಳಿಸಿದರು. ತಳದಲ್ಲಿ ಲಂಗರು, ಅಲ್ಲಿಂದ ಮೇಲಕ್ಕೆ ನಿಂತ ಹಗ್ಗ, ಅದಕ್ಕೆ ಬೇರೆ ಬೇರೆ ಆಳದಲ್ಲಿ ಕಟ್ಟಿದ ಉಪಕರಣಗಳು. ನೀರಿನ ಬಿಸಿ, ಉಪ್ಪು, ಹರಿವನ್ನು ಚಳಿಗಾಲದ ಕತ್ತಲಲ್ಲೂ ಅವು ತಮ್ಮಷ್ಟಕ್ಕೆ ಬರೆದಿಟ್ಟುಕೊಳ್ಳುತ್ತವೆ. ಆಮೇಲೆ ಇನ್ನೊಂದು ಹಡಗು ಹೋಗಿ ಎತ್ತಿ ಓದಬೇಕು. ನಮ್ಮ ಕೆಲಸದ ಭಾಷೆಯಲ್ಲಿ ಲಾಗ್ ಫೈಲು. ಅಜ್ಜನ ಭಾಷೆಯಲ್ಲಿ ಡೈರಿ.

ಇಷ್ಟೆಲ್ಲ ಯಾಕೆ ಅಂದರೆ ನಮ್ಮ ಮಳೆಗೋಸ್ಕರ. ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆ ಅಂತ ಬ್ಲಾನ್‌ಫೋರ್ಡ್ ೧೮೮೪ರಲ್ಲೇ ಹೇಳಿದ್ದರು. ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ ಮಧ್ಯ ಭಾರತದ ಸೆಪ್ಟೆಂಬರ್ ತಿಂಗಳ ವಿಪರೀತ ಮಳೆಗೂ ಸಂಬಂಧವಿರಬಹುದು ಅಂತ ೨೦೨೧ರಲ್ಲಿ ನಮ್ಮ ವಿಜ್ಞಾನಿಗಳು ತೋರಿಸಿದರು. ಕೊಡಗಿನ ಮಳೆಗೆ ಇದೇ ಕಾರಣ ಅಂತ ನಾನು ಹೇಳ್ತಿಲ್ಲ. ಅಂಥ ಮಾತು ಆಡಬೇಕಾದರೂ ಎರಡೂ ಕಡೆ ಬಿಡದೆ ಬರೆದ ಲೆಕ್ಕ ಬೇಕು.

ಮೊನ್ನೆ ಊರಿಗೆ ಹೋದಾಗ ಡೈರಿಗಳನ್ನು ಕೆಳಗಿಳಿಸಿದೆ. ೨೦೦೭ರ ಆಗಸ್ಟ್ ಪುಟ ಇತ್ತು, ಅಜ್ಜನ ಓರೆ ಅಕ್ಷರದಲ್ಲಿ, ಒಂದು ದಿನವೂ ಬಿಡದೆ. ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದ ೨೦೧೮ರ ಆಗಸ್ಟಿನ ಪುಟವೇ ಇಲ್ಲ. ಅಷ್ಟು ದೂರದ ನೀರಿನ ಲೆಕ್ಕ ಹಿಡಿಯೋಕೆ ಹಡಗು ಹತ್ತಿ ಹೋಗ್ತಾರೆ, ಅಂಗಳದ ನೀರನ್ನು ಅಳೆಯೋಕೆ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಮಾಪಕ ತೊಳೆದು ಅಂಗಳದಲ್ಲಿ ಇಟ್ಟು ಬಂದಿದ್ದೀನಿ. ಅಪ್ಪ ದಿನಾ ಬೆಳಿಗ್ಗೆ ಸೆಂಟಿನ ಲೆಕ್ಕ ಮೆಸೇಜ್ ಮಾಡ್ತಾರೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡೈರಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ...