ಬೆಂಗಳೂರು ಪೇಟೆ: ಮುಂದೆ ಅಂಗಡಿ, ಹಿಂದೆ ಮನೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ವ್ಯಾಪಾರ ಮತ್ತು ವಾಸ ಒಂದೇ ಸೂರಿನಡಿ ನಡೆಯುತ್ತಿದ್ದವು. 1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡ ಮಣ್ಣಿನ ಕೋಟೆ ಕಟ್ಟಿಸಿ ನೆಲೆಗೊಳಿಸಿದನೆಂಬ ಪ್ರತೀತಿಯಿರುವ ಈ ಊರಿನಲ್ಲಿ ಎರಡು ಬೀದಿಗಳು ಮುಖ್ಯವಾಗಿದ್ದವು: ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ-ಪಶ್ಚಿಮಕ್ಕೆ ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ.

ಈ ಬೀದಿಗಳ ಸುತ್ತ ಸರಕಿಗೊಂದು, ಕಸುಬಿಗೊಂದು ಪೇಟೆ ಬೆಳೆಯಿತು. ಅರಳೆಪೇಟೆಯಲ್ಲಿ ಹತ್ತಿ, ಅಕ್ಕಿಪೇಟೆಯಲ್ಲಿ ಅಕ್ಕಿ, ತರಗುಪೇಟೆಯಲ್ಲಿ ದವಸ, ಬಳೇಪೇಟೆಯಲ್ಲಿ ಬಳೆ ಬಿಕರಿಯಾಗುತ್ತಿದ್ದವು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳಿಗೆ ಅಲ್ಲಿ ನೆಲೆಸಿದವರ ಹೆಸರೇ ಉಳಿಯಿತು. ಬೀದಿಯ ಕಡೆ ಜಗಲಿ ಮತ್ತು ಅಂಗಡಿ, ಅದರ ಹಿಂದೆ ಅಥವಾ ಮಹಡಿಯಲ್ಲಿ ಮನೆ. ನೇಕಾರರಾದರೆ ಮನೆಯೊಳಗೇ ಮಗ್ಗ. ಮಾಲು ಕಣ್ಣೆದುರಿಗೇ ಇರುತ್ತಿತ್ತು, ಮನೆಮಂದಿಯೆಲ್ಲ ಕೆಲಸಕ್ಕೆ ಕೈಜೋಡಿಸಬಹುದಿತ್ತು. ದೇವಸ್ಥಾನ, ಛತ್ರಗಳೂ ಇದೇ ಓಣಿಗಳಲ್ಲಿದ್ದವು. ಅಂಗಡಿ-ಮನೆಗಳ ಈ ಜೋಡಣೆಗೆ ನಕ್ಷೆಗಿಂತ ಕಸುಬಿನ ಅಗತ್ಯವೇ ಆಧಾರ.

1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ವಶಪಡಿಸಿಕೊಂಡಿತು. 1809ರಲ್ಲಿ ಪೂರ್ವಕ್ಕೆ ಬ್ರಿಟಿಷರ ದಂಡು ಪ್ರದೇಶ (ಕಂಟೋನ್ಮೆಂಟ್) ತಲೆಯೆತ್ತಿದ ಮೇಲೆ ಊರು ಇಬ್ಭಾಗವಾಯಿತು. ಆದರೂ ಪೇಟೆಯ ಮನೆಗಳ ಸ್ವರೂಪವನ್ನು ಹೆಚ್ಚು ಪ್ರಶ್ನಿಸಿದ್ದು 1898ರ ಪ್ಲೇಗು. ಇಕ್ಕಟ್ಟಾದ ಓಣಿ, ಗಾಳಿ-ಬೆಳಕಿಲ್ಲದ ಕೋಣೆ, ವಾಸದ ಪಕ್ಕದಲ್ಲೇ ಇಲಿಗಳನ್ನು ಸೆಳೆಯುವ ಧಾನ್ಯದ ದಾಸ್ತಾನು ಇವೆಲ್ಲ ಅಪಾಯಕಾರಿ ಎನಿಸಿದವು. ಪರಿಹಾರವನ್ನು ಹುಡುಕಿದ್ದು ಪೇಟೆಯ ಹೊರಗೆ. 1892ರಲ್ಲೇ ಚಾಮರಾಜಪೇಟೆ ರೂಪುಗೊಂಡಿತ್ತು. ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಚುರುಕಾಗಿ ಬೆಳೆದವು. ಅಲ್ಲಿ ನೇರ ರಸ್ತೆಗಳು, ಅಳೆದು ಹಂಚಿದ ನಿವೇಶನಗಳು, ಮನೆಗಳ ಹಿಂದೆ ಕಕ್ಕಸು ಸ್ವಚ್ಛಗೊಳಿಸುವವರು ಓಡಾಡಲು ಸಂದುಗಳು ಬಂದವು. ಮಾರುಕಟ್ಟೆಗೆ ಬೇರೆಯೇ ಜಾಗ ಮೀಸಲಾಯಿತು.

ಹೀಗೆ ಶುರುವಾದ ವಿಂಗಡಣೆಗೆ ಮುಂದೆ ಕಾನೂನಿನ ಬಲ ದೊರೆಯಿತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾದ ಯೋಜನೆಗಳು ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ವಲಯಗಳಾಗಿ ಗುರುತಿಸಿದವು. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆ-2015 ಮಿಶ್ರ ಬಳಕೆಗೆ ಮತ್ತೆ ಬಾಗಿಲು ತೆರೆಯಿತು: ರಸ್ತೆಯ ಅಗಲಕ್ಕೆ ತಕ್ಕಂತೆ ವಸತಿ ವಲಯದಲ್ಲೂ ಅಂಗಡಿ, ಕಚೇರಿಗಳಿಗೆ ಅವಕಾಶ ಸಿಕ್ಕಿತು. ಸದ್ದು, ಪಾರ್ಕಿಂಗಿನ ತೊಂದರೆ ಮುಂದಿಟ್ಟು ಅನೇಕ ಬಡಾವಣೆಗಳ ನಿವಾಸಿಗಳು ಇದನ್ನು ವಿರೋಧಿಸಿದರು.

ಅಷ್ಟರಲ್ಲಿ ಪೇಟೆಯ ಚಿತ್ರವೇ ಬದಲಾಗಿತ್ತು. ಸಗಟು ವ್ಯಾಪಾರ ಹಬ್ಬಿದಂತೆ ಜಾಗದ ಬೆಲೆ ಏರಿತು. ಮಹಡಿಯ ಎಷ್ಟೋ ಮನೆಗಳು ಗೋದಾಮುಗಳಾದವು, ಅನುಕೂಲಸ್ಥ ಕುಟುಂಬಗಳು ಬಡಾವಣೆಗಳಿಗೆ ಹೋದವು. 2017ರಲ್ಲಿ ಬಂದ ಚಿಕ್ಕಪೇಟೆ ಮೆಟ್ರೊ ನಿಲ್ದಾಣ ಗಿರಾಕಿಗಳ ಓಡಾಟವನ್ನು ಸುಲಭಗೊಳಿಸಿತು. ಒಂದೇ ಕಟ್ಟಡದಲ್ಲಿ ಅಂಗಡಿಯನ್ನೂ ಮನೆಯನ್ನೂ ಉಳಿಸಿಕೊಳ್ಳಲು ಬರೀ ಅನುಮತಿ ಸಾಲದು, ಬಾಡಿಗೆಯ ಪೈಪೋಟಿಯಲ್ಲಿ ಮನೆಗೆ ರಕ್ಷಣೆಯೂ ಬೇಕು ಎಂಬುದು ಪೇಟೆಯ ಇತಿಹಾಸದಿಂದ ಸ್ಪಷ್ಟವಾಗುತ್ತದೆ.